ರಾಯಚೂರು ಸೀಮೆಯ ಚಿನ್ನದ ಪರೀಕ್ಷೆ

ರಾಯಚೂರು ಜಿಲ್ಲೆಯ ಚಿನ್ನದ ನೆಲ ಹಟ್ಟಿಯ ಗಣಿಯೊಂದಕ್ಕೇ ಮುಗಿಯುವುದಿಲ್ಲ. ದೇವದುರ್ಗ ತಾಲ್ಲೂಕಿನ ಊಟಿ, ಮಾನ್ವಿ ಕಡೆಯ ಹೀರಾಬುದ್ದಿನ್ನಿಗಳಲ್ಲೂ ಗಣಿ ತೆರೆಯಲಾಗಿದೆ. ಒಂದು ಟನ್ ಅದಿರಿನಲ್ಲಿ ದೊರೆಯುವ ಚಿನ್ನ ಕೆಲವೇ ಗ್ರಾಂ. ಕಣ್ಣಿಗೆ ಬೀಳದ ಇಷ್ಟನ್ನು ಹಿಡಿಯಷ್ಟು ಪುಡಿಯಲ್ಲಿ ಅಳೆದು ಹೇಳುವ ವಿದ್ಯೆ ಇಲ್ಲದೆ ಗಣಿ ನಡೆಯದು. ಆ ವಿದ್ಯೆಯ ಚರಿತ್ರೆ ಅದು ನೆಚ್ಚಿಕೊಂಡ ವಸ್ತುಗಳ ಚರಿತ್ರೆಯೂ ಹೌದು.

ಎಲ್ಲಕ್ಕೂ ಹಳೆಯದು ಪತ್ತಾರರ ಒರೆಗಲ್ಲು. ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಇದರ ವಿವರಣೆಯಿದೆ. ನುಣುಪಾದ ಕರಿಗಲ್ಲಿನ ಮೇಲೆ ಒಡವೆಯನ್ನು ಉಜ್ಜಿ, ಪಕ್ಕದಲ್ಲಿ ಗುಣಮಟ್ಟ ಗೊತ್ತಿರುವ ಚಿನ್ನದ ಗೆರೆ ಎಳೆಯುತ್ತಾರೆ. ಮೇಲೆ ನೈಟ್ರಿಕ್ ಆಮ್ಲದ ಹನಿ ಬಿದ್ದಾಗ ತಾಮ್ರ ಬೆರೆತ ಗೆರೆ ಮಾಸುತ್ತದೆ, ಅಪ್ಪಟದ್ದು ಉಳಿಯುತ್ತದೆ. ಆಮ್ಲಕ್ಕೆ ಕರಗದ ಕಲ್ಲಾದ್ದರಿಂದಲೇ ಈ ಪರೀಕ್ಷೆ ಸಾಧ್ಯ.

ಅದಿರಿಗೆ ಮಾತ್ರ ಬೆಂಕಿಯ ಪರೀಕ್ಷೆಯೇ ಬೇಕು. ಗಣಿಯ ಪರೀಕ್ಷಾಲಯದಲ್ಲಿ ಅದಿರಿನ ಪುಡಿಗೆ ಸೀಸದ ಆಕ್ಸೈಡ್, ಸೋಡಾ, ಬೊರಾಕ್ಸ್ ಬೆರೆಸಿ ಮಣ್ಣಿನ ಮೂಸೆಯಲ್ಲಿ ಸುಮಾರು 1000 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗಿಸುತ್ತಾರೆ. ಕರಗಿದ ಸೀಸ ಚಿನ್ನ, ಬೆಳ್ಳಿಗಳನ್ನು ಸೆಳೆದುಕೊಂಡು ಗುಂಡಿಯಾಗಿ ತಳ ಸೇರುತ್ತದೆ. ಆ ಗುಂಡಿಯನ್ನು ಎಲುಬಿನ ಬೂದಿಯ ಬಟ್ಟಲಲ್ಲಿಟ್ಟು ಕಾಯಿಸಿದರೆ ಸೀಸ ಆಕ್ಸೈಡಾಗಿ ಬಟ್ಟಲಿಗೇ ಇಂಗಿಹೋಗುತ್ತದೆ. ಉಳಿದ ಸಾಸಿವೆಗಿಂತ ಸಣ್ಣ ಮಣಿಯಿಂದ ನೈಟ್ರಿಕ್ ಆಮ್ಲ ಬೆಳ್ಳಿಯನ್ನು ಬೇರೆ ಮಾಡುತ್ತದೆ. ನಿಂತ ಚಿನ್ನವನ್ನು ಸೂಕ್ಷ್ಮ ತಕ್ಕಡಿ ತೂಗುತ್ತದೆ.

ಇಡೀ ಪ್ರಯೋಗಾಲಯವನ್ನೇ ಅಂಗೈಯಗಲಕ್ಕೆ ಇಳಿಸುವ ಯತ್ನ ಆಮೇಲಿನದು. 1979ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸಿಲಿಕಾನ್ ಬಿಲ್ಲೆಯ ಮೇಲೆ ಅನಿಲ ವಿಶ್ಲೇಷಕವನ್ನು ಕೆತ್ತಲಾಯಿತು; 2007ರಲ್ಲಿ ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ಗುಂಪು ಅಗ್ಗದ ಕಾಗದದಲ್ಲೇ ದ್ರವ ಹರಿಯುವ ದಾರಿ ಮಾಡಿತು.

ರಾಯಚೂರಿಗೆ ಕಾಗದದ ಪರೀಕ್ಷೆಯ ಅಗತ್ಯ ಇರುವುದು ಚಿನ್ನಕ್ಕಲ್ಲ, ನೀರಿಗೆ. ಚಿನ್ನದ ಶಿಲೆಯಲ್ಲಿ ಆರ್ಸೆನಿಕ್ ಖನಿಜವೂ ಇರುವುದರಿಂದ ಅಂತರ್ಜಲಕ್ಕೆ ಅದು ಸೇರಬಲ್ಲದು. ಆರ್ಸೆನಿಕ್ ಇರುವ ನೀರಿಗೆ ಆಮ್ಲ, ಸತುವಿನ ಪುಡಿ ಹಾಕಿದಾಗ ಏಳುವ ಅನಿಲ ಪಾದರಸದ ಬ್ರೋಮೈಡ್ ಹಚ್ಚಿದ ಕಾಗದದ ಪಟ್ಟಿಯನ್ನು ಹಳದಿ, ಕಂದು ಬಣ್ಣಕ್ಕೆ ತಿರುಗಿಸುತ್ತದೆ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಪಟ್ಟಿ ಬಣ್ಣ ತಿರುಗಿದ ಕೊಳವೆಬಾವಿಯ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ ಖಚಿತಪಡಿಸಿಕೊಳ್ಳುವವರೆಗೆ ಕುಡಿಯಬಾರದು.