ಪಂಚಗಂಗಾವಳಿ ಅಳಿವೆಯ ವಲಸೆ ಹಕ್ಕಿಗಳು: ಪಟ್ಟಿಯಿಂದ ಸಾಕ್ಷ್ಯದೆಡೆಗೆ

ಕರ್ನಾಟಕದ ಪಕ್ಷಿಗಳ ಅಧ್ಯಯನಕ್ಕೆ ಜೇಮ್ಸ್ ಡೇವಿಡ್ಸನ್ 1898ರಲ್ಲಿ ಪ್ರಕಟಿಸಿದ ಉತ್ತರ ಕನ್ನಡದ ಪಕ್ಷಿಗಳ ವಿವರಣೆಯನ್ನೂ ಸಾಲಿಂ ಅಲಿ 1939–40ರಲ್ಲಿ ನಡೆಸಿದ ಮೈಸೂರು ಸಮೀಕ್ಷೆಯನ್ನೂ ಆಧಾರವಾಗಿ ಹಿಡಿಯುವುದು ವಾಡಿಕೆ. ಎರಡರ ವ್ಯಾಪ್ತಿಯಲ್ಲೂ ಪಂಚಗಂಗಾವಳಿ ಅಳಿವೆಯಿರುವ ಕುಂದಾಪುರದ ತೀರ ಬರುವುದಿಲ್ಲ. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತ್ಯಕ್ಕೆ ಸೇರಿದಾಗ ಕುಂದಾಪುರ ಮದರಾಸು ಪ್ರಾಂತ್ಯದಲ್ಲೇ ಉಳಿಯಿತು, ಮೈಸೂರು ಸಂಸ್ಥಾನವು ಕಡಲನ್ನು ಮುಟ್ಟಲಿಲ್ಲ. ಆದುದರಿಂದ ಈ ದಾಖಲೆಗಳ ಮೌನವನ್ನು ಹಕ್ಕಿಗಳ ಅಭಾವವೆಂದು ಓದಲಾಗದು.

ಹಕ್ಕಿಗಳ ಇರವಿಗಿಂತ ವಿವಾದಾಸ್ಪದವಾದುದು ಅವುಗಳಿಗಾಗಿ ತೀರವನ್ನು ರಕ್ಷಿಸಲು ಹಿಡಿಯಬೇಕಾದ ಆಧಾರ. 2011 ಮತ್ತು 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗಳು ಹಕ್ಕಿಗಳ ಗೂಡುನೆಲೆಯನ್ನೂ ಜೀವಂತ ಕೆಸರುಬಯಲನ್ನೂ, ಅಂದರೆ ಇಳಿತದಲ್ಲಿ ತೆರೆದುಕೊಳ್ಳುವ, ಜೀವಿಗಳಿಂದ ತುಂಬಿದ ಹೂಳುನೆಲವನ್ನೂ, ಅತಿಸೂಕ್ಷ್ಮ ಪ್ರದೇಶಗಳ ಸಾಲಿಗೆ ಸೇರಿಸಿವೆ. ಗೂಡುನೆಲೆಯೊಂದನ್ನೇ ಹಕ್ಕಿಗಳ ರಕ್ಷಣೆಗೆ ಆಧಾರವೆಂದು ಹಿಡಿದರೆ, ದೂರದ ಉತ್ತರದಲ್ಲಿ ಮರಿಮಾಡಿ ಚಳಿಗಾಲ ಕಳೆಯಲಷ್ಟೇ ಇಲ್ಲಿಗೆ ಬರುವ ಕರ್ಲ್ಯೂ, ಪ್ಲವರ್‌ಗಳು ಲೆಕ್ಕಕ್ಕೇ ಸಿಗುವುದಿಲ್ಲ. ಅವುಗಳಿಗೆ ಒದಗುವ ಆಧಾರ ಕೆಸರುಬಯಲು; ಅದು ಜೀವಂತವೆಂದು ತೋರಿಸಬೇಕಾಗುತ್ತದೆ. ಗಂಗೊಳ್ಳಿಯ ಬಳಿ ಕಡಲು ಸೇರುವ ಐದು ನದಿಗಳ ಈ ಅಳಿವೆಯಲ್ಲಿ, ಕುದ್ರುಗಳ, ಅಂದರೆ ನದಿಯ ನಡುಗಡ್ಡೆಗಳ, ಅಂಚಿನಲ್ಲಿ ನೀರಿಳಿದಾಗ, ಕರ್ಲ್ಯೂ ತನ್ನ ನೀಳವಾದ ಬಾಗುಕೊಕ್ಕನ್ನು ಕೆಸರಿನಾಳಕ್ಕೆ ಇಳಿಸಿ ಏಡಿ, ಹುಳುಗಳನ್ನು ಎಳೆದು ತೆಗೆಯುತ್ತದೆ. ಗಿಡ್ಡ ಕೊಕ್ಕಿನ ಪ್ಲವರ್ ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಮೇಲ್ಪದರದಲ್ಲಿ ಕಂಡುದನ್ನು ಕುಕ್ಕುತ್ತದೆ. ಒಂದೇ ನೆಲದ ಬೇರೆ ಬೇರೆ ಆಳಗಳಲ್ಲಿ ಆಹಾರವಿದೆಯೆಂಬುದನ್ನು ಈ ಎರಡು ಹಕ್ಕಿಗಳ ಮೇವು ತೋರಿಸುವುದರಿಂದ, ಹಕ್ಕಿವೀಕ್ಷಕರ ಟಿಪ್ಪಣಿಯೇ ಕೆಸರುಬಯಲಿನ ಜೀವಂತಿಕೆಗೆ ಸಾಕ್ಷ್ಯವಾಗಬಲ್ಲದೆಂದು ಇಲ್ಲಿ ವಾದಿಸಲಾಗಿದೆ.

ಈ ವಾದಕ್ಕೆ ಮಿತಿಗಳುಂಟು. ಉಬ್ಬರದ ಹೊತ್ತಿನಲ್ಲಿ ಮರಳದಿಬ್ಬದ ಮೇಲೆ ವಿಶ್ರಮಿಸುವ ಹಿಂಡು, ಅದೆಷ್ಟೇ ದೊಡ್ಡದಿದ್ದರೂ, ಪಕ್ಕದ ಕೆಸರಿನ ಬಗೆಗೆ ನೇರವಾಗಿ ಏನನ್ನೂ ಹೇಳದು. ನಾಯಿಗಳ, ಜನರ ಓಡಾಟದಿಂದ ಹಕ್ಕಿಗಳು ಚದುರಿದ್ದರೆ ಖಾಲಿ ಬಯಲು ಬರಡೆಂದೂ ಆಗದು. ಜಾತಿ ಮತ್ತು ಸಂಖ್ಯೆಗಳನ್ನಷ್ಟೇ ಬರೆದಿಟ್ಟು, ನೀರಿನ ಮಟ್ಟವನ್ನೂ ಹಕ್ಕಿ ಮೇಯುತ್ತಿತ್ತೋ ತಂಗಿತ್ತೋ ಎಂಬುದನ್ನೂ ಬಿಟ್ಟ ಪಟ್ಟಿ ಎಷ್ಟೇ ಉದ್ದವಿರಲಿ, ಈ ಕಾರ್ಯಕ್ಕೆ ಒದಗುವುದಿಲ್ಲ. ಮೇವಿನ ದಾಖಲೆಯೂ ಹೂಳನ್ನು ಅಗೆದು ಜರಡಿ ಹಿಡಿಯುವ ಪರೀಕ್ಷೆಗೆ ಪೂರಕವೇ ಹೊರತು ಬದಲಿಯಲ್ಲ.

ಈ ಕೆಸರುಬಯಲನ್ನು ಕಟ್ಟುವ ಹೂಳಿನ ಮೂಲದ ಪ್ರಶ್ನೆ ಇನ್ನೂ ತೆರೆದೇ ಇದೆ. ಅಮಾಸೆಬೈಲು, ಹೊಸಂಗಡಿ ಕಡೆಯ ಘಟ್ಟದ ತಪ್ಪಲನ್ನು ಹಾದು ಬರುವ, ಐದು ನದಿಗಳಲ್ಲೊಂದಾದ ವಾರಾಹಿಯ ಹರಿವು ಮಾಣಿ ಅಣೆಕಟ್ಟು ಮತ್ತು ಭೂಗರ್ಭ ವಿದ್ಯುದಾಗಾರದ ಬಳಿಕ ಬದಲಾಗಿರುವಾಗ, ಕುದ್ರುಗಳ ಅಂಚಿಗೆ ತಲುಪುವ ಹೂಳಿನ ಪ್ರಮಾಣವನ್ನು ಹಕ್ಕಿಗಳ ಮೇವಿನೊಡನೆ ಹೋಲಿಸಿ ಅಳೆಯುವುದು ಪ್ರತ್ಯೇಕ ಅಧ್ಯಯನಕ್ಕೆ ಸೇರಿದ ವಿಷಯ.