ಡೈಶ್‌ಮನ್ ಮನೆತನದ ಪಾದರಕ್ಷೆ ವ್ಯಾಪಾರ: ಅಂಗಡಿಯಿಂದ ಅಂತರ್ಜಾಲಕ್ಕೆ

ಹಳೆಯ ವ್ಯಾಪಾರಿ ಮನೆತನವೊಂದು ಅಂತರ್ಜಾಲವನ್ನು ಪ್ರವೇಶಿಸಿದರೆ ಅದನ್ನು ಹಠಾತ್ ಕ್ರಾಂತಿಯೆಂದು ಬಗೆಯುವುದು ವಾಡಿಕೆ. ಜರ್ಮನಿಯ ಡೈಶ್‌ಮನ್ ಮನೆತನದ ಇತಿಹಾಸವು ಈ ಅಭಿಪ್ರಾಯವನ್ನು ಪುನರ್ವಿಮರ್ಶಿಸುವಂತೆ ನಮ್ಮನ್ನು ಪ್ರೇರಿಸುತ್ತದೆ.

1913ರಲ್ಲಿ ಹೈನ್‌ರಿಶ್ ಡೈಶ್‌ಮನ್ನರು ಎಸ್ಸೆನ್ ನಗರದ ಬೋರ್ಬೆಕ್ ಭಾಗದಲ್ಲಿ ಪಾದರಕ್ಷೆಯ ಅಂಗಡಿಯನ್ನು ತೆರೆದರು. ಕಲ್ಲಿದ್ದಲು ಗಣಿಗಳ ಕಾರ್ಮಿಕರು ಅವರ ಗಿರಾಕಿಗಳು. ಯಂತ್ರಗಳ ನೆರವಿನಿಂದ ಜೋಡುಗಳನ್ನು ಅಗ್ಗವಾಗಿ ದುರಸ್ತಿ ಮಾಡಿಕೊಡುತ್ತಿದ್ದರು. 1940ರಲ್ಲಿ ಅವರು ತೀರಿಕೊಂಡ ಮೇಲೆ ಪತ್ನಿ ಯೂಲಿಯವರು ವ್ಯಾಪಾರವನ್ನು ನಡೆಸಿದರು. ಯುದ್ಧಾನಂತರ ಚರ್ಮವು ದುರ್ಲಭವಾದಾಗ, ಮಗ ಹೈನ್ಸ್-ಹೋರ್ಸ್ಟರು ಪಾಪ್ಲರ್ ಮರದ ಅಟ್ಟೆಗೆ ಪ್ಯಾರಾಚೂಟಿನ ಪಟ್ಟಿಗಳನ್ನು ಜೋಡಿಸಿ ಪಾದರಕ್ಷೆಗಳನ್ನು ಮಾಡಿಸಿದರು. ಹಳೆಯ ಜೋಡುಗಳ ವಿನಿಮಯಕ್ಕೂ ಏರ್ಪಾಡು ಮಾಡಿದರು. ವೈದ್ಯರಾಗಿದ್ದ ಅವರು 1956ರಲ್ಲಿ ಆ ವೃತ್ತಿಯನ್ನು ತೊರೆದು ಪೂರ್ಣವಾಗಿ ವ್ಯಾಪಾರಕ್ಕೆ ನಿಂತರು.

1999ರಲ್ಲಿ ಮೂರನೆಯ ತಲೆಮಾರಿನ ಹೈನ್‌ರಿಶ್ ಓಟೊ ಅವರು ಆಡಳಿತವನ್ನು ವಹಿಸಿಕೊಂಡರು. 2000ದಲ್ಲಿ ಅಂತರ್ಜಾಲದ ಮಾರಾಟವು ಆರಂಭವಾಯಿತು. ಆದರೆ ಪಾದರಕ್ಷೆಯು ಪುಸ್ತಕದಂತಲ್ಲ. ಮೆಟ್ಟಿ ನೋಡದೆ ಅಳತೆ ತಿಳಿಯದು. ಆದುದರಿಂದ ಅಂಗಡಿಗಳು ಉಳಿದುವು. ಜಾಲದಲ್ಲಿ ಕೊಂಡುದನ್ನು ಹಿಂದಿರುಗಿಸುವ ಸ್ಥಳಗಳೂ ಅವೇ ಆದುವು.

ಚರ್ಮವಿಲ್ಲದಾಗ ಮರವನ್ನು ಹುಡುಕಿದ ಮನೆತನವು ಕಾಲ ಬದಲಾದಾಗ ಜಾಲವನ್ನು ಹಿಡಿಯಿತು. ಕಾಲಿಗೆ ಒಪ್ಪುವ ಜೋಡನ್ನು ಕೈಗೆಟಕುವ ಬೆಲೆಗೆ ಒದಗಿಸುವ ಮೊದಲಿನ ಕಾರ್ಯವೇ ಇಲ್ಲಿ ಮುಂದುವರಿದಿದೆಯೆಂಬುದು ನಮ್ಮ ನಿರ್ಣಯ.