ಎತ್ತಿನ ಹೆಜ್ಜೆ, ಕಾರಿನ ಕೀಲಿಕೈ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಅಂಗಳದಲ್ಲಿ ನಿಂತ ವಾಹನ ನೋಡಿ ಮನೆತನದ ಘನತೆ ಅಳೆಯುವುದು ಹೊಸ ರೂಢಿಯೇನಲ್ಲ. ಅರ್ಧ ಕೋಟಿಯ ಕಾರು ಬೈಲಹೊಂಗಲದ ಬಜಾರಕ್ಕೆ ಬಂದರೆ ಇಂದು ಜನ ನಿಂತು ನೋಡುತ್ತಾರಲ್ಲ, ನಮ್ಮ ಅಜ್ಜನ ಕಾಲದಲ್ಲಿ ಜೋಡಿ ಖಿಲಾರಿ ಎತ್ತು ಹೂಡಿದ ಸವಾರಿ ಬಂಡಿಯನ್ನು ಹಾಗೇ ನೋಡುತ್ತಿದ್ದರು. ಹತ್ತಿ, ಬಿಳಿಜೋಳ ಬೆಳೆಯುವ ಈ ಎರೆಹೊಲಗಳಲ್ಲಿ ಆ ಜೋಡಿಯೇ ಸವಾರಿಗೂ ಸೈ, ಗಳೆಗೂ ಸೈ. ಎತ್ತು ಕಳುವಾದರೆ ಹೋಗುತ್ತಿದ್ದುದು ಬರೀ ಎತ್ತಲ್ಲ, ಆ ವರ್ಷದ ಬಿತ್ತಿಗೆಯೂ ಹೋಗುತ್ತಿತ್ತು.

ನನ್ನದು ವಾಹನ ವಿಮೆಯ ತನಿಖೆಯ ಕೆಲಸ. ಕಾರು ಕಳುವಾಯಿತೆಂದು ಅರ್ಜಿ ಬಂದಾಗ ಮನೆಗೆ ಹೋಗಿ ಜಾಗ ನೋಡುವುದು, ಕೀಲಿಕೈ ಎಣಿಸುವುದು, ಕಾಗದಪತ್ರ ತಾಳೆ ಹಾಕುವುದು ನನ್ನ ದಿನಚರಿ. ನಮ್ಮ ಮನೆತನದ ಕೆಲಸ ವಾಲೀಕಾರಿಕೆ, ಅಂದರೆ ಊರ ಕಾವಲು. ಅಜ್ಜ ಆ ಪರಂಪರೆಯ ಕೊನೆಯವನು. ಎರಡೂ ಕಾಲದ ಕಾವಲನ್ನು ಹತ್ತಿರದಿಂದ ಕಂಡವನಾಗಿ ಹೇಳುತ್ತೇನೆ: ಬೆಲೆಬಾಳುವ ವಾಹನವನ್ನು ಕಾಯುವ ವಿದ್ಯೆ ಈ ಸೀಮೆಗೆ ಗೊತ್ತಿತ್ತು. ಅದರ ತಿರುಳು ಕೀಲಿಯಲ್ಲಿ ಇರಲಿಲ್ಲ. ಹೊಣೆ ಯಾರದು ಎಂದು ಮೊದಲೇ ಗೊತ್ತುಮಾಡಿಡುವುದರಲ್ಲಿ ಇತ್ತು.

ಮೊದಲ ಕಾವಲು ಮನೆಯೇ. ಮಲಪ್ರಭೆಯ ಎರಡೂ ದಂಡೆಯ ಹಳೆಯ ಮಾಳಿಗೆ ಮನೆಗಳನ್ನು ನೋಡಿ. ತಲಬಾಗಿಲು ದಾಟಿದ ಕೂಡಲೇ ಕಾಣುವುದು ದನ ಕಟ್ಟುವ ಅಂಕಣ. ಅದರಾಚೆ ಎರಡು ಮೆಟ್ಟಿಲು ಎತ್ತರದಲ್ಲಿ ಪಡಸಾಲಿ, ಅಲ್ಲಿ ಮನೆಯ ಗಂಡಸರು ಮಲಗುವುದು. ಎತ್ತು ಹೊರಗೆ ಹೋಗಬೇಕಾದರೆ ಮಲಗಿದವರ ಕಣ್ಣೆದುರೇ ಹೋಗಬೇಕು, ಗೋಡೆಯಿಂದ ಗೋಡೆಗೆ ಹಾಯುವ ಮರದ ಅಗಳಿ ಸರಿಸಬೇಕು. ನಮ್ಮ ಊರಮನೆಯ ಅಗಳಿ ನನ್ನ ತೋಳಿಗಿಂತ ದಪ್ಪ. ಸರಿಸಿದರೆ ಗೋಡೆಯ ಪೊಟರೆಯೊಳಗೆ ಗರಗರ ಸದ್ದು ಮಾಡುತ್ತ ಹೋಗುತ್ತಿತ್ತು. ಆ ಸದ್ದು ಕಡಿಮೆಯಾಗಲೆಂದು ಅವ್ವ ಒಮ್ಮೆ ಎಣ್ಣೆ ಹಚ್ಚಲು ಹೋದಾಗ ಅಜ್ಜ ತಡೆದಿದ್ದ: “ಸಪ್ಪಳ ಆಗಲಿ ಬಿಡವಾ. ಅದರ ಕೆಲಸಾನ ಅದು.” ಎತ್ತಿನ ಕೊರಳ ಗೆಜ್ಜೆಸರವೂ ಬರೀ ಅಲಂಕಾರಕ್ಕಲ್ಲ. ಎತ್ತು ಮೆಲುಕು ಹಾಕುವಾಗ ಬರುವ ಸದ್ದಿಗೂ ಗಾಬರಿಯಾಗಿ ತಲೆ ಕೊಡಹಿದಾಗ ಬರುವ ಸದ್ದಿಗೂ ಇರುವ ಅಂತರ ನಿದ್ದೆಗಣ್ಣಿನಲ್ಲೂ ತಿಳಿಯುತ್ತಿತ್ತು.

ಮನೆಯಲ್ಲಿ ಇಷ್ಟು ಭದ್ರತೆ ಇದ್ದದ್ದಕ್ಕೇ ಊರು ಬಿಟ್ಟಾಗ ಅಂಜಿಕೆ ಹೆಚ್ಚು. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗುವುದು ಈ ಭಾಗದ ಹಳೆಯ ಪದ್ಧತಿ. ಗುಡ್ಡದ ತುಂಬ ಬಂಡಿ, ಎತ್ತು, ಭಂಡಾರ, ಉಧೋ ಉಧೋ ಎಂಬ ಕೂಗು. ಅಷ್ಟು ಜನರೊಳಗೆ ಯಾರ ಎತ್ತು ಯಾರು ಹೊಡೆದುಕೊಂಡು ಹೋದರು ಎಂದು ಯಾರಿಗೆ ಗೊತ್ತು? ಹಿರಿಯರು ಎತ್ತುಗಳನ್ನು ಬಂಡಿಯ ಗಾಲಿಗೇ ಕಟ್ಟಿ, ಬಂಡಿಯ ಕೆಳಗೆ ಕಂಬಳಿ ಹಾಸಿ ಮಲಗುತ್ತಿದ್ದರು. ಅಜ್ಜ ಇನ್ನೊಂದು ಕೆಲಸ ಮಾಡುತ್ತಿದ್ದ. ಗಾಲಿ ಅಚ್ಚಿನಿಂದ ಕಳಚಿಬೀಳದಂತೆ ಹಿಡಿಯುವ ಕಬ್ಬಿಣದ ಕಡಾಣಿಯನ್ನು ಒಂದು ಬದಿಯಿಂದ ಕಿತ್ತು, ಅರಿವೆಯಲ್ಲಿ ಸುತ್ತಿ, ಬುತ್ತಿಗಂಟಿನೊಳಗೆ ಇಟ್ಟುಕೊಳ್ಳುತ್ತಿದ್ದ. ಕತ್ತಲಲ್ಲಿ ಯಾರಾದರೂ ಬಂಡಿ ಹೂಡಿ ಹೊಡೆದರೆ ಹತ್ತು ಮಾರು ಹೋಗುವುದರೊಳಗೆ ಗಾಲಿ ಕಳಚಬೇಕು. ಬೆರಳುದ್ದದ ಕಬ್ಬಿಣ ಕೈಯಲ್ಲಿದ್ದರೆ ಬಂಡಿಯೇ ಕೈಯಲ್ಲಿದ್ದಂತೆ.

ಎರಡನೆಯ ಕಾವಲು ಊರಿನದು. 1818ರಲ್ಲಿ ಪೇಶ್ವೆಯ ರಾಜ್ಯ ಇಂಗ್ಲಿಷರ ಕೈಸೇರಿದಾಗ ಈ ಭಾಗವೂ ಅವರ ಆಡಳಿತಕ್ಕೆ ಬಂತು. ಮರುವರ್ಷ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಗೆದ್ದ ಪ್ರದೇಶದ ವ್ಯವಸ್ಥೆಯ ಬಗ್ಗೆ ಬರೆದ ವರದಿಯಲ್ಲಿ ಹಳ್ಳಿಯ ಕಾವಲುಗಾರನ ಕೆಲಸವನ್ನು ವಿವರವಾಗಿ ದಾಖಲಿಸಿದ್ದಾನೆ. ಕಳವಾದರೆ ಕಾವಲುಗಾರ ಕಳ್ಳನ ಹೆಜ್ಜೆಯ ಜಾಡು ಹಿಡಿದು ನಡೆಯಬೇಕು. ಜಾಡು ಪಕ್ಕದ ಊರಿನ ಸೀಮೆ ದಾಟಿದರೆ ಅಲ್ಲಿನ ಕಾವಲುಗಾರನನ್ನು ಕರೆದು ತೋರಿಸಿ ಒಪ್ಪಿಸಬೇಕು. ಅಲ್ಲಿಂದ ಮುಂದಿನ ಹೊಣೆ ಆ ಊರಿನದು. ಯಾವ ಊರಲ್ಲಿ ಜಾಡು ಕಡಿಯುತ್ತದೆಯೋ ಆ ಊರೇ ಉತ್ತರ ಕೊಡಬೇಕು. ಮಾಲು ಸಿಗದಿದ್ದರೆ ಕಾವಲುಗಾರ ತನ್ನ ಕೈಲಾದಷ್ಟು ತುಂಬಿಕೊಡಬೇಕು, ಉಳಿದದ್ದನ್ನು ಊರು ಹೊರಬೇಕು ಎಂಬುದು ನಿಯಮ.

ಅಜ್ಜ ಈ ಜಾಡಿನ ಕೆಲಸವನ್ನು ತನ್ನ ಅಪ್ಪನಿಂದ ಕಲಿತಿದ್ದ. ಎರೆನೆಲ ಹಸಿಯಿದ್ದಾಗ ಹೆಜ್ಜೆಯನ್ನು ಅಚ್ಚು ಹೊಡೆದಂತೆ ಹಿಡಿಯುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಕೆಲಸ ಕಷ್ಟ. ಆಗ ದಾರಿಯ ಧೂಳು, ಹಳ್ಳದ ಉಸುಕು, ಬೇಲಿಯ ಸಂದು ಹುಡುಕಬೇಕು. ಸಿಕ್ಕ ಮೊದಲ ಸ್ಪಷ್ಟ ಹೆಜ್ಜೆಯ ಮೇಲೆ ಬುಟ್ಟಿ ಕವುಚಿ ಇಡುತ್ತಿದ್ದರು, ಗಾಳಿಗೆ ಅಳಿಸದಿರಲಿ, ಮುಂದೆ ತಾಳೆ ನೋಡಲು ಬರಲಿ ಎಂದು. ಎತ್ತಿನ ಒಂದು ಗೊರಸಿನ ನಾಲು ಸವೆದಿದ್ದರೆ, ಒಂದು ಕಾಲು ತುಸು ಎಳೆಯುತ್ತಿದ್ದರೆ ಅದೇ ಗುರುತು. ಅಜ್ಜ ಹೇಳುತ್ತಿದ್ದ ಮಾತು ನನ್ನ ಕೆಲಸದ ಮೂಲಪಾಠವಾಗಿದೆ: “ಹೊತ್ತು ಏರೂದ್ರೊಳಗ ಹೋಗಬೇಕ್ ತಮ್ಮಾ. ಊರ ದನಾ ಮೇಯಾಕ ಹೊಂಟ್ವು ಅಂದ್ರ ಜಾಡು ಹೋತು.”

ಸೀಮೆಯ ತೊಡಕು ಆಗಲೂ ಇತ್ತು. ಸವದತ್ತಿ ಆಗ ಇಂಗ್ಲಿಷ್ ಆಡಳಿತದ ಪರಸಗಡ ತಾಲೂಕಿನ ಠಾಣೆ. ಬೈಲಹೊಂಗಲ ಸಂಪಗಾಂವ ತಾಲೂಕಿನ ಠಾಣೆ. ಪಕ್ಕದ ರಾಮದುರ್ಗ ಮಾತ್ರ ಭಾವೆ ಮನೆತನದ ಬೇರೆ ಸಂಸ್ಥಾನ. 1948ರ ಮಾರ್ಚಿನಲ್ಲಿ ಅದು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ಅಲ್ಲಿನ ಪೊಲೀಸರು ಬೇರೆ, ಕಚೇರಿ ಬೇರೆ. ಹೊಳೆಸಾಲಿನ ಹೊಲಗಳಲ್ಲಿ ನಾಲ್ಕು ಹೆಜ್ಜೆ ಹೆಚ್ಚು ಇಟ್ಟರೆ ಕಳ್ಳ ಇನ್ನೊಂದು ರಾಜ್ಯದಲ್ಲಿ ಇರುತ್ತಿದ್ದ.

ಈ ಕಾವಲಿಗೆ ಸಂಬಳ ಇರಲಿಲ್ಲ, ಭೂಮಿ ಇತ್ತು. ಅದನ್ನು ಬಿಟ್ಟು ಕಿತ್ತೂರಿನ ಇತಿಹಾಸ ಅರ್ಥವಾಗುವುದಿಲ್ಲ. ಸಂಗೊಳ್ಳಿ ರಾಯಣ್ಣ ಶೇತಸನದಿ. ಊರ ಕಾವಲು, ಕೋಟೆಯ ಚಾಕರಿಗೆ ಪ್ರತಿಯಾಗಿ ಹೊಲದ ಸನದು ಪಡೆದ ಮನೆತನದವನು. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ಅರಸ ಶಿವಲಿಂಗರುದ್ರಸರ್ಜ ತೀರಿಕೊಂಡ ಮೇಲೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ಮನೆತನದ ದತ್ತಕವನ್ನು ಮಾನ್ಯ ಮಾಡದೆ ಕಿತ್ತೂರಿಗೆ ಬಂದು ಖಜಾನೆಗೆ ಮೊಹರು ಹಾಕಿದ, ತನ್ನ ಕಾವಲು ನಿಲ್ಲಿಸಿದ. ಮನೆಯವರ ಬಂಗಾರಕ್ಕೆ ಹೊರಗಿನವನು ಕೀಲಿ ಹಾಕಿದ್ದನ್ನು ಈ ನೆಲ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಥ್ಯಾಕರೆ ಕೋಟೆಯ ಮುಂದೆ ಬಿದ್ದ. ಡಿಸೆಂಬರಿನಲ್ಲಿ ಇಂಗ್ಲಿಷರ ದೊಡ್ಡ ಸೈನ್ಯ ಕೋಟೆಯನ್ನು ಹಿಡಿಯಿತು. ರಾಣಿ ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿಯಲ್ಲಿ ತೀರಿಕೊಂಡಳು; ಅವಳ ಸಮಾಧಿ ನಮ್ಮೂರಲ್ಲೇ ಇದೆ. ಹೊಸ ಸರಕಾರ ಕಾವಲಿನವರ ಹೊಲಗಳ ಮೇಲೆ ಕೈಯಿಟ್ಟಿತು: ಕೆಲವನ್ನು ಕಸಿಯಿತು, ಉಳಿದವಕ್ಕೆ ಕರ ಏರಿಸಿತು. ಊರು ಕಾಯುವವನ ಹೊಲ ಕಿತ್ತುಕೊಂಡ ಮೇಲೆ ಅವನು ಯಾರನ್ನು ಕಾಯಬೇಕು? ರಾಯಣ್ಣ ಕಿತ್ತೂರನ್ನು ಕಾಯಲು ಎದ್ದ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನ ಹೆಸರು ಹೇಳುವಾಗ ನನಗೆ ಹೆಮ್ಮೆಯೊಂದಿಗೆ ಇದೂ ನೆನಪಾಗುತ್ತದೆ: ಅವನು ಮೊದಲು ನಮ್ಮಂಥ ಊರುಗಳ ಕಾವಲುಗಾರ.

ಈ ಪರಂಪರೆಯಲ್ಲಿ ಒಂದು ದೊಡ್ಡ ಅನ್ಯಾಯವೂ ಬೆಳೆಯಿತು. ಹೆಜ್ಜೆಯ ಜಾಡು ಹಿಡಿಯುವ ಕಷ್ಟಕ್ಕಿಂತ ಹುಟ್ಟಿನ ಜಾಡು ಹಿಡಿಯುವುದು ಸರಕಾರಕ್ಕೆ ಸುಲಭವೆನಿಸಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರ ತಿದ್ದುಪಡಿಯ ನಂತರ ಮುಂಬಯಿ ಪ್ರಾಂತಕ್ಕೂ ಬಂತು. ಅಲೆಮಾರಿ ಸಮುದಾಯಗಳ ಮಕ್ಕಳನ್ನೂ ಮುದುಕರನ್ನೂ ಕಳ್ಳರೆಂದೇ ಬರೆದುಕೊಂಡು, ಹುಬ್ಬಳ್ಳಿ, ಗದಗದಂಥ ಕಡೆ ತಂತಿಬೇಲಿಯ ಸೆಟ್ಲಮೆಂಟುಗಳಲ್ಲಿ ಕೂಡಿಹಾಕಿದರು. 1952ರಲ್ಲಿ ಕಾಯ್ದೆ ರದ್ದಾಯಿತು. ಆದರೂ ಕಾರು ಕಳುವಾದ ಮನೆಯಲ್ಲಿ ನನಗೆ ಮೊದಲು ಕೇಳಿಬರುವುದು ಯಾವುದೋ ಜಾತಿಯ ಹೆಸರು. ಆ ಮಾತನ್ನು ನಾನು ಅಲ್ಲೇ ತಡೆಯುತ್ತೇನೆ. ಜಾಡು ಇದ್ದರೆ ತೋರಿಸಿ, ಜಾತಿ ಬೇಡ.

ಊರಿನ ಕಾವಲು ಒಮ್ಮೆಲೇ ಅಳಿಯಲಿಲ್ಲ. 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯ್ದೆ ಪೊಲೀಸ್ ಪಾಟೀಲನ ಕೈಕೆಳಗೆ ಅದನ್ನು ತಂದಿತು. 1874ರ ವತನ ಕಾಯ್ದೆ ವಂಶಪಾರಂಪರ್ಯದ ಹಕ್ಕುಗಳನ್ನು ಬರೆದಿಟ್ಟಿತು. ಕೊನೆಗೆ 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದಾಗ ಹುಟ್ಟಿನಿಂದ ಬರುವ ಹುದ್ದೆ ಹೋಯಿತು. ಹೋದದ್ದು ನ್ಯಾಯವೇ. ಬಿಟ್ಟಿ ಚಾಕರಿ, ಮೇಲುಕೀಳು ಎಲ್ಲ ಅದರೊಳಗೆ ಹೆಣೆದುಕೊಂಡಿದ್ದವು. ಆದರೆ ಹುದ್ದೆಯ ಜೊತೆಗೆ ಹೊಣೆಯೂ ಹೋಯಿತು, ಅದರ ಜಾಗಕ್ಕೆ ಇನ್ನೊಂದು ಬರಲಿಲ್ಲ.

ಅಷ್ಟರಲ್ಲಿ ಮೋಟಾರು ಬಂದಿತ್ತು. ವಾಹನವನ್ನು ನೋಂದಾಯಿಸಬೇಕೆಂಬ ನಿಯಮ 1914ರ ಮೋಟಾರು ಕಾಯ್ದೆಯಲ್ಲೇ ಇತ್ತು. ಎತ್ತಿನ ಸಂತೆಯಲ್ಲಿ ಬಣ್ಣ, ಕೋಡು, ಸುಳಿ ನೋಡಿ ಗುರುತು ಹಿಡಿಯುತ್ತಿದ್ದ ಕಣ್ಣುಗಳು ಎಂಜಿನ್ ನಂಬರು, ಚಾಸಿ ನಂಬರು ಓದಲು ಕಲಿತವು. ಹತ್ತಿ ವ್ಯಾಪಾರಿಗಳ ಅಂಬಾಸಿಡರ್ ಕಾರುಗಳ ಕಾಲ ನನಗೆ ಚೆನ್ನಾಗಿ ನೆನಪಿದೆ. ಆ ಕಾರುಗಳ ಬಾಗಿಲಿನ ಕೀಲಿಯನ್ನು ಯಾರೂ ನಂಬುತ್ತಿರಲಿಲ್ಲ. ಜಾತ್ರೆಗೆ, ಮದುವೆಗೆ ಹೋದಾಗ ಅನುಭವಿ ಡ್ರೈವರ್ ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರಿನ ಎರಡು ಕ್ಲಿಪ್ಪು ಸಡಿಲಿಸಿ, ಒಳಗಿನ ಹೆಬ್ಬೆರಳಿನಷ್ಟು ರೋಟರನ್ನು ಕಿತ್ತು ಕಿಸೆಯಲ್ಲಿ ಹಾಕಿಕೊಳ್ಳುತ್ತಿದ್ದ. ಅದಿಲ್ಲದೆ ಪ್ಲಗ್ಗಿಗೆ ಕಿಡಿ ಹೋಗದು, ಎಂಜಿನ್ ಏಳದು. 1940ರಲ್ಲಿ ಜರ್ಮನ್ ಸೈನಿಕರು ಇಳಿದಾರೆಂಬ ಅಂಜಿಕೆಯಿಂದ ಇಂಗ್ಲೆಂಡಿನಲ್ಲೂ ನಿಲ್ಲಿಸಿದ ಕಾರುಗಳ ರೋಟರ್ ತೆಗೆಯುವುದು ರೂಢಿಗೆ ಬಂದಿತ್ತು. ಆ ಡ್ರೈವರನಿಗೆ ಅದು ತಿಳಿದಿರಲಿಲ್ಲ. ಅವನು ಮಾಡುತ್ತಿದ್ದುದು ಅಜ್ಜನ ಕಡಾಣಿಯ ಕೆಲಸವನ್ನೇ.

ಇಂದಿನ ದುಬಾರಿ ಕಾರು ಆ ಕೆಲಸವನ್ನು ತಾನೇ ಮಾಡುತ್ತದೆ. ಕೀಲಿಕೈಯೊಳಗಿನ ಚಿಪ್ಪಿನ ಸಂಕೇತ ಹೊಂದದಿದ್ದರೆ ಇಮೊಬಿಲೈಸರ್ ಎಂಜಿನ್ನನ್ನು ಏಳಗೊಡುವುದಿಲ್ಲ. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯ. ಆದರೆ ಕಿಸೆಯಲ್ಲಿದ್ದರೇ ಬಾಗಿಲು ತೆರೆಯುವ ಕೀಲಿಕೈ ಬಂದ ಮೇಲೆ ಹೊಸ ದಾರಿ ತೆರೆಯಿತು. ಒಬ್ಬ ಮನೆಯ ಗೋಡೆಯ ಹತ್ತಿರ ಯಂತ್ರ ಹಿಡಿದು ಒಳಗಿನ ಕೀಲಿಕೈಯ ಸಂಕೇತ ಎಳೆಯುತ್ತಾನೆ, ಇನ್ನೊಬ್ಬ ಕಾರಿನ ಹತ್ತಿರ ಅದನ್ನು ಮುಟ್ಟಿಸುತ್ತಾನೆ; ಒಡೆಯ ಬಂದನೆಂದು ತಿಳಿದು ಕಾರು ಬಾಗಿಲು ತೆರೆಯುತ್ತದೆ. ಅದಕ್ಕೆ ನಾನು ಎಲ್ಲರಿಗೂ ಹೇಳುವುದಿಷ್ಟು: ಕೀಲಿಕೈಯನ್ನು ಬಾಗಿಲ ಹತ್ತಿರದ ಗೂಟಕ್ಕೆ ಹಾಕಬೇಡಿ, ಮುಚ್ಚಳ ಬಿಗಿಯಾದ ಲೋಹದ ಡಬ್ಬಿಯಲ್ಲಿಡಿ. ಸ್ಟೇರಿಂಗಿಗೆ ಕಣ್ಣಿಗೆ ಕಾಣುವಂಥ ಕಬ್ಬಿಣದ ಸಲಾಕಿ ಕೀಲಿ ಹಾಕಿ. ಜಿಪಿಎಸ್ ಯಂತ್ರವನ್ನು ಸುಲಭಕ್ಕೆ ಸಿಗದ ಕಡೆ ಕೂರಿಸಿ. ಸ್ನ್ಯಾಪ್ ಲಾಕಿನ ನಂಬರ್ ಪ್ಲೇಟನ್ನು ಬದಲಿಸಬೇಡಿ; ಕಿತ್ತರೆ ಆ ಲಾಕು ಮುರಿಯುವಂತೆ ಮಾಡಿದ್ದು ಕಳ್ಳನ ಕೈ ಕಟ್ಟಲಿಕ್ಕೆ. ಎರಡೂ ಕೀಲಿಕೈ ಜೋಪಾನ ಮಾಡಿ, ಕಳವಿನ ಪರಿಹಾರ ಕೇಳಿದಾಗ ವಿಮೆಯವರು ಎರಡನ್ನೂ ಕೇಳುತ್ತಾರೆ.

ಇಷ್ಟೆಲ್ಲ ಇದ್ದೂ ಕಾರು ಹೋಗುತ್ತದೆ, ಹೋದದ್ದು ಬಹಳ ಸಲ ಸಿಗುವುದಿಲ್ಲ. ಕಾರಣ ನಾನು ಕಂಡದ್ದು: ಮೊದಲ ತಾಸುಗಳು ವ್ಯರ್ಥವಾಗುತ್ತವೆ. ಅಣ್ಣ ಒಯ್ದಿರಬಹುದು, ಅಳಿಯ ಒಯ್ದಿರಬಹುದು ಎಂದು ಮನೆಯವರು ಮಧ್ಯಾಹ್ನದವರೆಗೆ ಕಾಯುತ್ತಾರೆ. ರಾತ್ರಿ ಅಪರಿಚಿತ ಗಾಡಿ ಕಂಡ ನೆರೆಯವರು ನಮಗೇಕೆ ಎಂದು ಸುಮ್ಮನಿರುತ್ತಾರೆ. ಅಂಗಡಿಯ ಕ್ಯಾಮೆರಾದ ಚಿತ್ರ ಕೆಲ ದಿನಗಳಲ್ಲಿ ತಾನೇ ಅಳಿದುಹೋಗುತ್ತದೆ. ಬೈಲಹೊಂಗಲದಿಂದ ಹೊರಟ ಕಾರಿಗೆ ಮಹಾರಾಷ್ಟ್ರದ ಗಡಿಯೂ ಗೋವೆಯ ಗಡಿಯೂ ಒಂದೇ ರಾತ್ರಿಯ ದಾರಿ. ಕಳುವಾದ ವಾಹನಗಳ ವಿವರ ರಾಜ್ಯ ರಾಜ್ಯಗಳ ನಡುವೆ ತಾಳೆ ನೋಡಲು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ‘ವಾಹನ ಸಮನ್ವಯ’ ವ್ಯವಸ್ಥೆಯೇನೋ ಇದೆ. ಫಿರ್ಯಾದೇ ತಡವಾದರೆ ಅದು ಏನು ಮಾಡೀತು?

ಅದಕ್ಕೇ ನಮ್ಮ ಬಡಾವಣೆಗಳಲ್ಲಿ ಹಳೆಯ ಹೊಣೆಯನ್ನು ಹೊಸ ರೀತಿಯಲ್ಲಿ ಕಟ್ಟಬೇಕು ಎನ್ನುತ್ತೇನೆ. ಪ್ರತಿ ಓಣಿಗೆ ರಾತ್ರಿ ಕಾವಲಿನವನೊಬ್ಬ ಇರಲಿ, ಅವನು ಯಾವ ಜಾತಿಯವನೂ ಆಗಲಿ, ಎಲ್ಲ ಮನೆಯವರೂ ಕೂಡಿ ಬದುಕಲು ಸಾಕಾಗುವ ಸಂಬಳ ಕೊಡಲಿ. ಓಣಿಯ ಎರಡು ತುದಿಯ ಕ್ಯಾಮೆರಾ ನೋಡಿಕೊಳ್ಳುವವರು ಯಾರು ಎಂದು ಹೆಸರು ಹಚ್ಚಿ ಬರೆದಿಡಲಿ. ಕಳವು ಕಂಡ ತಾಸಿನೊಳಗೆ ಠಾಣೆಗೆ ಫೋನು ಹೋಗಲಿ, ಮುಂದಿನ ಊರಿನವರಿಗೂ ಸುದ್ದಿ ಮುಟ್ಟಲಿ. ಅರ್ಧ ಕೋಟಿ ಕೊಟ್ಟು ಕಾರು ಕೊಂಡವರು ಕಾವಲಿನವನಿಗೆ ತಿಂಗಳಿಗೆ ಐದು ನೂರು ಕೊಡಲು ಹಿಂದೆಮುಂದೆ ನೋಡುವುದನ್ನು ಕಂಡಿದ್ದೇನೆ. ಕಾಯುವವನಿಗೆ ಹೊಲ ಕೊಟ್ಟ ಸೀಮೆ ಇದು. ಅವನ ಹೊಲ ಕಸಿದಾಗ ಏನಾಯಿತು ಎಂಬುದಕ್ಕೆ ನಂದಗಡವೇ ಸಾಕ್ಷಿ. ಕಾಯುವವನಿಗೆ ಕೊಡಬೇಕಾದ್ದನ್ನು ಮೊದಲು ಕೊಡಿ, ಕೀಲಿಯ ಮಾತು ಆಮೇಲೆ.